ಅವರೆಕಾಳು, ಟ್ರಿಪ್ಸಿನ್ ಮತ್ತು ಕಮಲಾ ಸೊಹೊನಿ

ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ನನಗೆ ಸಿಕ್ಕಿದ್ದು ಯಶವಂತಪುರದ ಕಡೆಯ ಒಂದು ಪ್ರೌಢಶಾಲೆ. ಡಿಸೆಂಬರ್ ತಿಂಗಳಾದ್ದರಿಂದ ಹತ್ತನೇ ತರಗತಿಯಲ್ಲಿ ಹೊಸ ಪಾಠಗಳು ಉಳಿದಿರಲಿಲ್ಲ. ಜೀವಕ್ರಿಯೆಗಳು ಘಟಕದ ಪುನರಾವರ್ತನೆಯನ್ನು ಮಾರ್ಗದರ್ಶಕ ಶಿಕ್ಷಕರು ನನಗೆ ಒಪ್ಪಿಸಿದರು. ಜೀರ್ಣಕ್ರಿಯೆಯನ್ನು ಮುಗಿಸಿ, ಮೇದೋಜೀರಕ ಗ್ರಂಥಿಯ ರಸದಲ್ಲಿರುವ ಟ್ರಿಪ್ಸಿನ್ ಪ್ರೋಟೀನನ್ನು ಒಡೆಯುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು, ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಡಾಕ್ಟರೂ ನರ್ಸೂ ಆಗದೆ ಇದನ್ನೇ ಓದುತ್ತಾ ಹೋದರೆ ಯಾವ ಕೆಲಸ ಸಿಗುತ್ತದೆ ಎಂಬುದು ಅವಳ ಪ್ರಶ್ನೆ.

ನನ್ನ ಪಾಠ ಯೋಜನೆಯ ನಿರೀಕ್ಷಿತ ಪ್ರಶ್ನೆಗಳ ಅಂಕಣದಲ್ಲಿ ಇದು ಇರಲಿಲ್ಲ. ಸಂಶೋಧನೆ ಮಾಡಬಹುದು ಎಂದೆ. ಎಲ್ಲಿ, ಯಾರು ಕೊಡುತ್ತಾರೆ, ಸಂಬಳ ಇರುತ್ತದೆಯೇ ಎಂದು ಅವಳು ಮುಂದುವರಿಸಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದದ್ದಕ್ಕೆ ಸಮಾಧಾನವಾಯಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವಳ ಪ್ರಶ್ನೆ ನನಗೆ ಹೊಸದೂ ಅಲ್ಲ. ಬಿಎಸ್ಸಿಯಲ್ಲಿ ಜೀವರಸಾಯನಶಾಸ್ತ್ರ ಓದಿದವಳು ನಾನು. ಬಿಎಡ್‌ಗೆ ಸೇರುವ ಮೊದಲು ಒಂದು ಸಂಶೋಧನಾ ಸಂಸ್ಥೆಯ ಪ್ರಾಜೆಕ್ಟ್ ಸಹಾಯಕರ ಹುದ್ದೆಗೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಿದ್ದೆ. ಇದ್ದದ್ದು ಒಂದೇ ಹುದ್ದೆ, ಅದೂ ಅನುದಾನ ಇರುವಷ್ಟು ದಿನ. ರಾತ್ರಿ ಹೊತ್ತು ಪ್ರಯೋಗಾಲಯದಲ್ಲಿ ಉಳಿಯಲು ಸಾಧ್ಯವೇ ಎಂದು ಕೇಳಿದರು. ಯಲಹಂಕದ ಆಚೆಗಿನ ನಮ್ಮ ಊರಿಗೆ ಹೋಗುವ ಕೊನೆಯ ಬಸ್ಸು ನೆನಪಾಗಿ ಒಂದು ಕ್ಷಣ ತಡೆದೆ. ನನಗೆ ಕೆಲಸ ಸಿಗದಿರಲು ಅದೇ ಕಾರಣ ಎನ್ನಲಾರೆ, ನನಗಿಂತ ಚೆನ್ನಾಗಿ ಓದಿದವರೂ ಅಲ್ಲಿ ಕೂತಿದ್ದರು. ಆದರೆ ಆ ಕ್ಷಣ ಮನಸ್ಸಿನಿಂದ ಹೋಗಿಲ್ಲ.

ಅಂದು ಸಂಜೆ ಮನೆಗೆ ಹೋಗುವಾಗ ಬಸ್ಸು ಭಾರತೀಯ ವಿಜ್ಞಾನ ಸಂಸ್ಥೆಯ ಗೋಡೆಯ ಪಕ್ಕ ಸಾಗಿತು. ಕಂಡಕ್ಟರ್‌ಗಳ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಮೈಸೂರು ಅರಮನೆ ಕೊಟ್ಟ 371 ಎಕರೆ ಜಾಗದಲ್ಲಿ 1909ರಲ್ಲಿ ಸ್ಥಾಪನೆಯಾದ ಸಂಸ್ಥೆ. ನಮ್ಮ ಶಾಲೆಯ ಮಕ್ಕಳು ದಿನವೂ ಆ ಗೋಡೆಯ ಆಚೆಯಿಂದ ಓಡಾಡುತ್ತಾರೆ, ಒಳಗೇನಿದೆ ಎಂದು ಗೊತ್ತಿರುವವರು ಕಡಿಮೆ. ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಒಂದು ಜೀವನದ ಮೂಲಕ ಹೇಳಬಹುದು ಎಂದು ನನಗೆ ಹೊಳೆದದ್ದು ಅಲ್ಲಿ. 1933ರಲ್ಲಿ ಇದೇ ಆವರಣಕ್ಕೆ ಒಬ್ಬ ಹುಡುಗಿ ಸಂಶೋಧನೆ ಮಾಡುತ್ತೇನೆಂದು ಬಂದಿದ್ದಳು, ಮತ್ತು ಅವಳನ್ನು ಬೇಡ ಎಂದಿದ್ದರು.

ಮದುವೆಗೆ ಮೊದಲು ಆಕೆಯ ಹೆಸರು ಕಮಲಾ ಭಾಗವತ್. ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಓದಿದ್ದು ಬೆಂಗಳೂರಿನ ಟಾಟಾ ಸಂಸ್ಥೆಯಲ್ಲೇ. ತುರ್ತುಪರಿಸ್ಥಿತಿಯ ವಿರುದ್ಧ ದನಿಯೆತ್ತಿದ ಮರಾಠಿ ಲೇಖಕಿ ದುರ್ಗಾ ಭಾಗವತ್ ಈಕೆಯ ಅಕ್ಕ. ಆ ಮನೆಯಲ್ಲಿ ಹೆಣ್ಣುಮಕ್ಕಳು ಸುಮ್ಮನೆ ತಲೆ ತಗ್ಗಿಸುವವರಾಗಿರಲಿಲ್ಲ ಅನ್ನುವುದಕ್ಕೆ ಅದೊಂದು ಸಾಕ್ಷಿ ಸಾಕು.

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ, ಭೌತಶಾಸ್ತ್ರವನ್ನು ಪೂರಕ ವಿಷಯವಾಗಿ ಓದಿ ಕಮಲಾ ಬಿಎಸ್ಸಿ ಮುಗಿಸಿದರು. ಅಂಕಪಟ್ಟಿಯಲ್ಲಿ ಮೊದಲ ಸ್ಥಾನ. ಅಪ್ಪ, ಚಿಕ್ಕಪ್ಪ ಓದಿದ ಸಂಸ್ಥೆಗೇ ಸಂಶೋಧನೆಗಾಗಿ ಅರ್ಜಿ ಕಳಿಸಿದರು. ಅಂಕ ನೋಡಿದರೆ ತೊಡಕೇನೂ ಇರಬಾರದಿತ್ತು. ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದವರು, ದೇಶಕ್ಕೇ ಹೆಮ್ಮೆಯಾಗಿದ್ದವರು. ಅವರು ಅರ್ಜಿಯನ್ನು ತಿರಸ್ಕರಿಸಿದರು. ಕಾರಣ ಒಂದೇ, ಅರ್ಜಿದಾರರು ಹೆಣ್ಣು.

ಈ ಭಾಗವನ್ನು ತರಗತಿಯಲ್ಲಿ ಹೇಳುವುದು ಸುಲಭವಲ್ಲ. ನಾನು ಪಾಠ ಮಾಡುತ್ತಿದ್ದ ಕೊಠಡಿಯ ಗೋಡೆಯ ಮೇಲೆಯೇ ರಾಮನ್ ಅವರ ಚಿತ್ರ ಇತ್ತು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಕ್ಕಳೇ ಹಾರ ಹಾಕುವ ಚಿತ್ರ ಅದು. ಮೊದಲ ಸಲ ಬರೆದುಕೊಂಡಾಗ ರಾಮನ್ ಅವರನ್ನು ಕಥೆಯ ಖಳನಾಯಕ ಮಾಡಿಬಿಟ್ಟಿದ್ದೆ. ಓದಿ ನೋಡಿದ ಮಾರ್ಗದರ್ಶಕ ಶಿಕ್ಷಕರು, ಹಾಗೆ ಹೇಳಿದರೆ ಮಕ್ಕಳಿಗೆ ಬಯ್ಯುವುದಕ್ಕೆ ಒಬ್ಬರು ಸಿಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದರು. ಅವರ ಮಾತು ಸರಿ ಅನ್ನಿಸಿತು. ಬೆಳಕಿನ ಚದುರುವಿಕೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಮನುಷ್ಯನಿಗೂ ತನ್ನ ಕಾಲದ ಕುರುಡು ಇತ್ತು ಎಂದು ಹೇಳುವುದೇ ಹೆಚ್ಚು ನಿಜ. ಆದರೆ ಅದನ್ನು ಹೇಳದೆ ಬಿಡುವುದಕ್ಕೆ ನಾನು ಒಪ್ಪಲಿಲ್ಲ, ಅವರೂ ಬಿಡು ಎನ್ನಲಿಲ್ಲ.

ಕಮಲಾ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಅದು ಗಾಂಧೀಜಿಯ ಸತ್ಯಾಗ್ರಹಗಳನ್ನು ನೋಡಿ ಬೆಳೆದ ತಲೆಮಾರು. ನೇರವಾಗಿ ಬೆಂಗಳೂರಿಗೆ ಬಂದು, ನಿರ್ದೇಶಕರ ಕಚೇರಿಗೆ ಹೋಗಿ, ಹೆಣ್ಣಾದ ಮಾತ್ರಕ್ಕೆ ಏಕೆ ಇಲ್ಲ ಎಂದು ಕೇಳಿದರು, ಪ್ರವೇಶ ಕೊಡುವವರೆಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಆಕೆಯನ್ನು ನಿಯಮಿತ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ, ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ತಡರಾತ್ರಿಯವರೆಗೂ ಕೆಲಸ ಮಾಡಬೇಕು. ಆಕೆಯ ಇರುವಿಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು, ಅಂದರೆ ಗಂಡಸರ ಗಮನ ಬೇರೆ ಕಡೆ ಹೋಗಬಾರದು. ಮೂರನೆಯದನ್ನು ಓದುವಾಗ ತರಗತಿಯ ಹುಡುಗರು ನಕ್ಕರು. ಹುಡುಗಿಯರು ನಗಲಿಲ್ಲ.

ಕಮಲಾ ಮೂರಕ್ಕೂ ಒಪ್ಪಿ ಸೇರಿದರು. ಆ ಒಪ್ಪಿಗೆ ಅವಮಾನ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದಶಕಗಳು ಕಳೆದ ಮೇಲೆ, ಮಹಿಳಾ ವಿಜ್ಞಾನಿಗಳು ತಮ್ಮನ್ನು ಸನ್ಮಾನಿಸಿದ ಸಭೆಯಲ್ಲಿಯೂ ಅವರು ಅದನ್ನು ಮರೆಯದೆ ಹೇಳಿಕೊಂಡರು.

ಇಲ್ಲಿ ಒಬ್ಬ ಶಿಕ್ಷಕರ ಹೆಸರನ್ನು ಹೇಳಲೇಬೇಕು. ಕಮಲಾಗೆ ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮನುಷ್ಯ, ಕೆಲಸ ಚೆನ್ನಾಗಿ ತೆಗೆಯುವವರು, ಕಲಿಯಬೇಕೆಂದು ಬಂದವರಿಗೆ ಮನಃಪೂರ್ವಕ ಕಲಿಸುವವರು. ರಾಮನ್ ಅವರ ಹೆಸರು ಎಲ್ಲರಿಗೂ ಗೊತ್ತು, ಶ್ರೀನಿವಾಸಯ್ಯನವರ ಹೆಸರು ನಮ್ಮ ಕಾಲೇಜಿನಲ್ಲಿ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಾಗಿಲು ತೆರೆಸಿಕೊಂಡದ್ದು ಕಮಲಾ, ಆದರೆ ಒಳಗೆ ಬಂದ ಮೇಲೆ ಆ ವರ್ಷವನ್ನು ವ್ಯರ್ಥವಾಗದಂತೆ ನೋಡಿಕೊಂಡದ್ದು ಈ ಶಿಕ್ಷಕರು. ಹಾಲು, ಬೇಳೆಕಾಳುಗಳಲ್ಲಿನ ಪ್ರೋಟೀನುಗಳ ಮೇಲೆ ಕಮಲಾ ಕೆಲಸ ಮಾಡಿದರು. ನಮ್ಮ ಜನರ ತಟ್ಟೆಯಲ್ಲಿ ಪ್ರೋಟೀನು ಬರುವುದೇ ಹೆಚ್ಚಾಗಿ ಬೇಳೆಯಿಂದ. ಅದು ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದು ಪುಸ್ತಕದ ಪ್ರಶ್ನೆಯಷ್ಟೇ ಅಲ್ಲ, ಊಟದ ಪ್ರಶ್ನೆ.

ವರ್ಷದ ಕೊನೆಗೆ ಕೆಲಸವನ್ನು ನೋಡಿ ರಾಮನ್ ಮನಸ್ಸು ಬದಲಾಯಿಸಿದರು. ಕಮಲಾಗೆ ಪೂರ್ಣ ಮಾನ್ಯತೆ ಸಿಕ್ಕಿತು, ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು. 1940ರಲ್ಲಿ ಅನ್ನಾ ಮಣಿ ರಾಮನ್ ಅವರದೇ ಪ್ರಯೋಗಾಲಯಕ್ಕೆ ಬಂದರು. 1936ರಲ್ಲಿ ಕಮಲಾ ತಮ್ಮ ಪ್ರಬಂಧಕ್ಕೆ ಮುಂಬಯಿ ವಿಶ್ವವಿದ್ಯಾಲಯದ ಎಂಎಸ್ಸಿ ಪದವಿಯನ್ನು ಡಿಸ್ಟಿಂಕ್ಷನ್‌ನಲ್ಲಿ ಪಡೆದರು.

ಮುಂದೆ ಕೇಂಬ್ರಿಡ್ಜ್. ವಿದ್ಯಾರ್ಥಿವೇತನಗಳು ದೊರೆತವು, ಹೋದರು. ಅಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್, ಜೀವಸತ್ವಗಳ ಸಂಶೋಧನೆಗೆ 1929ರ ನೊಬೆಲ್ ಹಂಚಿಕೊಂಡವರು. ಅವರ ಪ್ರಯೋಗಾಲಯದಲ್ಲಿ ಆಗ ಜಾಗವೇ ಇರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ತಮ್ಮ ಮೇಜನ್ನು ಹಗಲು ಹೊತ್ತು ಈಕೆಗೆ ಬಿಟ್ಟುಕೊಟ್ಟು, ತಾವು ರಾತ್ರಿ ಬಂದು ಕೆಲಸ ಮಾಡುವುದಾಗಿ ಹೇಳಿದರು. ಈ ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬೆಂಗಳೂರಿನಲ್ಲಿ ರಾತ್ರಿ ಕೆಲಸ ಆಕೆಗೆ ಹಾಕಿದ ಷರತ್ತು. ಕೇಂಬ್ರಿಡ್ಜಿನಲ್ಲಿ ಇನ್ನೊಬ್ಬರು ರಾತ್ರಿಯನ್ನು ತಾವು ತೆಗೆದುಕೊಂಡು ಹಗಲನ್ನು ಆಕೆಗೆ ಕೊಟ್ಟರು. ಬ್ರಿಟಿಷರು ಒಳ್ಳೆಯವರು, ನಾವು ಕೆಟ್ಟವರು ಎಂದು ಹೇಳಲು ಇದನ್ನು ಬಳಸಬಾರದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯವೇ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಸದಸ್ಯತ್ವ ಕೊಟ್ಟದ್ದು 1948ರಲ್ಲಿ. ನಾನು ಹೇಳುವುದು ಇಷ್ಟೇ: ಹುದ್ದೆ ಖಾಲಿ ಇಲ್ಲ ಎಂಬ ಕಡೆ ಕೆಲವೊಮ್ಮೆ ಒಬ್ಬ ಮನುಷ್ಯ ಸರಿದು ಕೂತರೆ ಜಾಗ ಆಗುತ್ತದೆ.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ರಾಬಿನ್ ಹಿಲ್ ಅವರ ಬಳಿ ಕೆಲಸ ಮುಂದುವರಿಸಿದರು. ಸಸ್ಯಶಾಸ್ತ್ರ ಓದಿದವರಿಗೆ ಹಿಲ್ ಕ್ರಿಯೆ ಎಂದ ಕೂಡಲೇ ನೆನಪಾಗುವ ಅದೇ ಹಿಲ್. ಕಮಲಾ ಕೈಗೆತ್ತಿಕೊಂಡದ್ದು ಆಲೂಗಡ್ಡೆಯಂಥ ಸಸ್ಯ ಅಂಗಾಂಶಗಳನ್ನು. ನಮ್ಮ ಹತ್ತನೇ ತರಗತಿ ಪಠ್ಯ ಮೈಟೊಕಾಂಡ್ರಿಯದಲ್ಲಿ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಹೇಳಿ ಮುಂದೆ ಹೋಗುತ್ತದೆ. ಅದು ಹೇಗೆ ಎಂದು ಕೇಳುವ ಮಗುವಿಗೆ ಹೀಗೆ ಹೇಳಬಹುದು. ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಆಹಾರದಿಂದ ಬಂದ ಇಲೆಕ್ಟ್ರಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತಾ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಆ ಸಾಲಿನಲ್ಲಿ ನಿಂತ, ಒಡಲಲ್ಲಿ ಕಬ್ಬಿಣ ಹೊತ್ತ ಒಂದು ಪ್ರೋಟೀನು ಸೈಟೋಕ್ರೋಮ್ ಸಿ. ಪ್ರಾಣಿಗಳ ಸ್ನಾಯುವಿನಲ್ಲಿ, ಯೀಸ್ಟಿನಲ್ಲಿ ಈ ವ್ಯವಸ್ಥೆಯ ಬಗ್ಗೆ ತಿಳಿದಿತ್ತು. ಸಸ್ಯಕೋಶಗಳ ಉಸಿರಾಟದಲ್ಲೂ ಅದು ಕೆಲಸ ಮಾಡುತ್ತದೆ ಎಂದು ತೋರಿಸಿದ್ದು ಕಮಲಾ ಅವರ ಕೊಡುಗೆ. 1939ರಲ್ಲಿ ಹಿಲ್ ಮತ್ತು ಭಾಗವತ್ ಹೆಸರಿನಲ್ಲಿ ಇದರ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಟಿಪ್ಪಣಿ ಬಂತು. ಉಸಿರಾಟ ಪ್ರಾಣಿಗಳಿಗೆ, ದ್ಯುತಿಸಂಶ್ಲೇಷಣೆ ಸಸ್ಯಗಳಿಗೆ ಎಂದು ಇಂದಿಗೂ ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಆ ತಪ್ಪನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಸುಮಾರು ಹದಿನಾಲ್ಕು ತಿಂಗಳಲ್ಲಿ ಪಿಎಚ್‌ಡಿ ಪ್ರಬಂಧ ಸಿದ್ಧವಾಯಿತು, ಪುಟಗಳು ನಲವತ್ತು. ನಮ್ಮ ಬಿಎಡ್ ಕ್ರಿಯಾಸಂಶೋಧನೆಯ ವರದಿಗಳೇ ಅದಕ್ಕಿಂತ ದಪ್ಪ ಇರುತ್ತವೆ! 1939ರಲ್ಲಿ ಪದವಿ ಬಂತು. ಇಲ್ಲೊಂದು ಎಚ್ಚರಿಕೆ ಇರಲಿ. ಸಾಮಾನ್ಯಜ್ಞಾನದ ಪುಸ್ತಕಗಳು ಕಮಲಾ ಅವರನ್ನು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಬರೆಯುತ್ತವೆ. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್‌ನಿಂದ ಡಿಎಸ್ಸಿ ಪಡೆದಿದ್ದರು. ಮೊದಲಿಗರು ಯಾರು ಎಂಬ ಕ್ವಿಜ್ ಪ್ರಶ್ನೆಯನ್ನು ಬಿಟ್ಟು ಪಾಠ ಮಾಡುವುದು ಕ್ಷೇಮ.

ಅದೇ ವರ್ಷ ಭಾರತಕ್ಕೆ ಮರಳಿದರು. ವಿದೇಶದಲ್ಲಿ ಉಳಿಯಬಹುದಿತ್ತು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಊರಿಗೆ ಬರಬೇಕೆನಿಸಿತು. ಹುಡುಗಿ ಕೇಳಿದ ಕೆಲಸದ ಪ್ರಶ್ನೆಗೆ ಉತ್ತರ ಇಲ್ಲಿಂದ ಮುಂದಿನ ವರ್ಷಗಳಲ್ಲಿ ಇದೆ. ಕೇಂಬ್ರಿಡ್ಜ್ ಡಾಕ್ಟರೇಟ್ ಕೈಯಲ್ಲಿದ್ದರೂ ಅದು ನೇರ ದಾರಿಯಾಗಲಿಲ್ಲ. ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದ ಮುಖ್ಯಸ್ಥೆ, ಸ್ವಲ್ಪ ಕಾಲ. ಆಮೇಲೆ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿ, ಜೀವಸತ್ವಗಳ ಮೇಲೆ ಕೆಲಸ. ಆದರೆ ಮುಂದಕ್ಕೆ ಏರುವ ದಾರಿ ಅಲ್ಲಿ ಸ್ಪಷ್ಟವಾಗಿರಲಿಲ್ಲ, ಬಿಟ್ಟುಬಿಡುವ ಯೋಚನೆಯೂ ಬಂತು. 1947ರಲ್ಲಿ ವಿಮಾ ಗಣಿತಜ್ಞ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಜೀವರಸಾಯನ ವಿಭಾಗಕ್ಕೆ ಸರ್ಕಾರ ಅರ್ಜಿ ಕರೆದಾಗ ಹಾಕಿ ಆಯ್ಕೆಯಾದರು. ಕೆಲಸ ಹುಡುಕುವವರಿಗೆ ಈ ಭಾಗ ಪರಿಚಿತವೇ: ವಿಭಾಗ ಹೊಸದು, ಹುದ್ದೆ ಚಿಕ್ಕದು, ಬಡ್ತಿ ಕಾಣದು, ಊರು ಬದಲು, ಮತ್ತೆ ಅರ್ಜಿ.

ಮುಂಬಯಿಯ ವರ್ಷಗಳ ಕೆಲಸವೇ ನನಗೆ ಅತ್ಯಂತ ಇಷ್ಟವಾದ ಭಾಗ, ಯಾಕೆಂದರೆ ಅದರಲ್ಲಿ ನಮ್ಮ ಅವರೆಕಾಳು ಇದೆ. ಕಮಲಾ ಮತ್ತು ಅವರ ವಿದ್ಯಾರ್ಥಿಗಳು ಭಾರತೀಯ ಆಹಾರಗಳಲ್ಲಿರುವ ಟ್ರಿಪ್ಸಿನ್ ಪ್ರತಿಬಂಧಕಗಳನ್ನು ಹುಡುಕುತ್ತಾ ಹೋದರು. 1955ರಲ್ಲಿ ಅವರೆಯಿಂದಲೂ ಡಬಲ್ ಬೀನ್‌ನಿಂದಲೂ ಇಂಥ ಪ್ರತಿಬಂಧಕಗಳನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಟ್ರಿಪ್ಸಿನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಹಸಿ ಕಾಳಿನಲ್ಲಿ ಇರುವ ಪ್ರತಿಬಂಧಕ ಪ್ರೋಟೀನು ಅದರ ಕತ್ತರಿಸುವ ಜಾಗಕ್ಕೇ ಹೋಗಿ ಬಿಗಿಯಾಗಿ ಕೂತುಬಿಡುತ್ತದೆ. ಆಗ ಕಾಳಿನಲ್ಲಿ ಎಷ್ಟೇ ಪ್ರೋಟೀನಿದ್ದರೂ ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಶಾಖಕ್ಕೆ ಪ್ರತಿಬಂಧಕದ ಆಕಾರ ಕೆಡುತ್ತದೆ, ಟ್ರಿಪ್ಸಿನ್ ಬಿಡುಗಡೆಯಾಗುತ್ತದೆ. ನಮ್ಮ ಅಜ್ಜಿಯರು ಹಿತಕಿದ ಬೇಳೆ ಸಾರನ್ನು ಕುದಿಸಿ ಕುದಿಸಿ ಇಡುತ್ತಿದ್ದದ್ದಕ್ಕೆ ರುಚಿಯ ಜೊತೆ ಇದೂ ಒಂದು ಪ್ರಯೋಜನ, ಅವರಿಗೆ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇದಕ್ಕೆ ನಾನು ಮಾಡಿಕೊಂಡ ಬೋಧನೋಪಕರಣ ಒಂದು ಹಳೆಯ ಬೀಗ ಮತ್ತು ಬೆಂಕಿಕಡ್ಡಿ. ಬೀಗದ ತೂತಿಗೆ ಕಡ್ಡಿ ತುರುಕಿ ಮುರಿದೆ. ಕೀಲಿಕೈ ಒಳಗೆ ಹೋಗಲಿಲ್ಲ. ಬೀಗ ಟ್ರಿಪ್ಸಿನ್, ಕೀಲಿಕೈ ಪ್ರೋಟೀನು, ಕಡ್ಡಿ ಪ್ರತಿಬಂಧಕ ಎಂದೆ. ಬೇಯಿಸುವುದನ್ನು ಹೇಗೆ ತೋರಿಸುತ್ತೀರಿ ಎಂದು ಒಬ್ಬ ಹುಡುಗ ಕೇಳಿದ. ಕಡ್ಡಿಗೆ ಬೆಂಕಿ ಹಚ್ಚಿ ಎಂದು ಇನ್ನೊಬ್ಬ. ಹಚ್ಚಲಿಲ್ಲ, ಆದರೆ ಆ ಉತ್ತರ ನನ್ನ ಯೋಜನೆಗಿಂತ ಚೆನ್ನಾಗಿತ್ತು. ಮುಂದೆ ಈ ಪಾಠ ಮಾಡುವವರು ಬೆಂಕಿಕಡ್ಡಿಯ ಬದಲು ಮೇಣದ ತುಂಡು ಬಳಸಿ, ಬೀಗವನ್ನು ಬಿಸಿನೀರಿಗೆ ಇಳಿಸಬಹುದು.

ಕಮಲಾ ನೀರಾ ಪಾನೀಯದ ಪೋಷಕಾಂಶಗಳ ಮೇಲೂ ಕೆಲಸ ಮಾಡಿದರು. ತಾಳೆ ಜಾತಿಯ ಮರದಿಂದ ಇಳಿಸಿ ಹುಳಿಯಾಗುವ ಮೊದಲೇ ಕುಡಿಯುವ ರಸ ಅದು. ಅದರ ಬಗ್ಗೆ ಅಧ್ಯಯನಕ್ಕೆ ಸೂಚಿಸಿದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ಅದರಲ್ಲಿನ ಜೀವಸತ್ವಗಳು, ಕಬ್ಬಿಣ ಪೌಷ್ಟಿಕತೆ ಕೊರತೆಯಿರುವ ಮಕ್ಕಳಿಗೂ ಗರ್ಭಿಣಿಯರಿಗೂ ಸಹಾಯಕ ಎಂದು ತೋರಿಸಿದ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೇ ಹಾಲು ಯೋಜನೆಗೆ ಸಲಹೆಗಾರರಾಗಿದ್ದರು. ಇಷ್ಟೆಲ್ಲ ಆದರೂ ಸಂಸ್ಥೆಯ ನಿರ್ದೇಶಕ ಹುದ್ದೆ ಒಳರಾಜಕೀಯದಿಂದ ನಾಲ್ಕು ವರ್ಷ ತಡವಾಗಿಯೇ ಸಿಕ್ಕಿತು. 1933ರ ನಿರ್ದೇಶಕರ ಕೊಠಡಿಯ ಎದುರು ನಿಂತ ಹುಡುಗಿ ಕೊನೆಗೆ ಇನ್ನೊಂದು ನಿರ್ದೇಶಕರ ಕೊಠಡಿಯಲ್ಲಿ ಕೂತರು.

ನಿವೃತ್ತಿಯ ಆಚೆಗಿನ ಬದುಕನ್ನು ಬೇಗ ಹೇಳಿಬಿಡುತ್ತೇನೆ. 1966ರಲ್ಲಿ ಹುಟ್ಟಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಸ್ಥಾಪಕ ಸದಸ್ಯೆಯರಲ್ಲಿ ಅವರೂ ಒಬ್ಬರು, 1982–83ರಲ್ಲಿ ಅಧ್ಯಕ್ಷೆ. ಸಂಘದ ಕೀಮತ್ ಪತ್ರಿಕೆಗೆ ಗ್ರಾಹಕ ಸುರಕ್ಷತೆಯ ಬಗ್ಗೆ ಬರೆದರು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲೇ ಕುಸಿದು ಬಿದ್ದರು, ಸ್ವಲ್ಪ ದಿನಗಳಲ್ಲೇ ತೀರಿಕೊಂಡರು.

ಇದನ್ನೆಲ್ಲ ಒಂದೇ ಅವಧಿಯಲ್ಲಿ ಹೇಳಲು ಹೋಗಿ ನಾನು ಎಂಟು ನಿಮಿಷ ಹೆಚ್ಚು ತೆಗೆದುಕೊಂಡೆ. ವೀಕ್ಷಣಾ ಪಟ್ಟಿಯಲ್ಲಿ ಸಮಯ ಪಾಲನೆಗೂ ಉದ್ದೇಶಗಳ ಪರಿಮಿತಿಗೂ ಅಂಕ ಕಡಿತವಾಯಿತು. ಅದು ನ್ಯಾಯವೇ. ಜೀವನಚರಿತ್ರೆಯನ್ನು ಒಂದು ಅವಧಿಗೆ ತುರುಕಬಾರದಿತ್ತು. ಸೈಟೋಕ್ರೋಮ್ ಭಾಗವನ್ನು ಉಸಿರಾಟದ ಪಾಠಕ್ಕೂ, ಅವರೆಕಾಳನ್ನು ಜೀರ್ಣಕ್ರಿಯೆಯ ಪಾಠಕ್ಕೂ ಹಂಚಿದ್ದರೆ ಎರಡೂ ಉಸಿರಾಡುತ್ತಿದ್ದವು.

ಚರ್ಚೆಯಲ್ಲಿ ಮಕ್ಕಳು ಎರಡು ಪಾಲಾದರು. ಅಂಥ ಷರತ್ತಿಗೆ ಕಮಲಾ ಒಪ್ಪಬಾರದಿತ್ತು ಎಂದು ಕೆಲವರು. ಒಪ್ಪದಿದ್ದರೆ ಒಳಗೆ ಹೋಗುತ್ತಿದ್ದದ್ದು ಹೇಗೆ ಎಂದು ಉಳಿದವರು. ನನ್ನ ಅಭಿಪ್ರಾಯ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ತರಗತಿಯಲ್ಲಿ ಹಾಗೆ ಹೇಳಬಾರದೆಂದು ಮೊದಲ ಸೆಮಿಸ್ಟರಿನಲ್ಲಿ ನಾನು ನಂಬಿದ್ದೆ, ಈಗ ಅಷ್ಟು ಖಾತ್ರಿ ಇಲ್ಲ.

ಅವಧಿ ಮುಗಿದ ಮೇಲೆ ಮೂರನೇ ಬೆಂಚಿನ ಹುಡುಗಿ ಹತ್ತಿರ ಬಂದಳು. ಕಥೆ ಚೆನ್ನಾಗಿತ್ತು, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಈ ಸಲ ಗಂಟೆಯ ನೆಪ ಇರಲಿಲ್ಲ. ಅವಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟೆ. ಪಿಯುಸಿಯಲ್ಲಿ ವಿಜ್ಞಾನ, ಆಮೇಲೆ ಬಿಎಸ್ಸಿ. ಅದಾದ ಮೇಲೆ ಜಾಮ್ ಎಂಬ ಪರೀಕ್ಷೆ ಬರೆದರೆ ಇದೇ ಗೋಡೆಯಾಚೆಯ ಸಂಸ್ಥೆಯಲ್ಲಿ ಜೀವವಿಜ್ಞಾನದ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇಲ್ಲವೇ ಎಂಎಸ್ಸಿ ಮಾಡಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಪ್ರಾಜೆಕ್ಟ್ ಹುದ್ದೆಗಳೂ ಇವೆ, ಆದರೆ ಅನುದಾನ ಮುಗಿದಾಗ ಅವೂ ಮುಗಿಯುತ್ತವೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಹೆಬ್ಬಾಳದ ಪಶುವೈದ್ಯ ಕಾಲೇಜು, ಎಲ್ಲವೂ ಅವಳ ಮನೆಯಿಂದ ಒಂದೆರಡು ಬಸ್ಸಿನ ದೂರ.

ಅವಳು ಓದಿ ನೋಡಿ, ರಾತ್ರಿ ಇರಬೇಕಾಗುತ್ತದೆಯೇ ಎಂದು ಕೇಳಿದಳು. ಪ್ರಯೋಗ ಕೆಲವೊಮ್ಮೆ ರಾತ್ರಿಯವರೆಗೆ ಎಳೆಯುತ್ತದೆ, ಹೌದು ಎಂದೆ. ಹಾಳೆಯನ್ನು ಮಡಿಸಿ ಇಟ್ಟುಕೊಂಡು, ಅಲ್ಲಿ ಹಾಸ್ಟೆಲ್ ಇರುತ್ತದಾ ಮಿಸ್ ಎಂದಳು. ಇರುತ್ತದೆ ಎಂದೆ. ಅದನ್ನೂ ಬರೆದುಕೊಡಿ ಎಂದು ಹಾಳೆಯನ್ನು ಮತ್ತೆ ಬಿಡಿಸಿದಳು.